ಕಿಲ್ನಿನಿಂದ ಪಡಸಾಲೆಗೆ

ಸೇಡಂ ಸೀಮೆಯಲ್ಲಿ ತೊಗರಿ ಹೊಲ ಮುಗಿದಲ್ಲಿ ಸಿಮೆಂಟ್ ಕಾರ್ಖಾನೆ ಶುರುವಾಗುತ್ತದೆ. ಬೇಲಿಗುಂಟ ಬೆಳೆದ ಜಾಲಿಯ ಎಲೆಗಳ ಮೇಲೂ ಬಿಳಿ ಪುಡಿ. ಗೇಟು ದಾಟಿ, ಹೆಲ್ಮೆಟ್ ಹಾಕಿಕೊಂಡು, ಕಬ್ಬಿಣದ ಮೆಟ್ಟಿಲು ಹತ್ತಿ ಕಿಲ್ನ್ ಪಕ್ಕಕ್ಕೆ ಬಂದರೆ ಬಿಸಿ ಮುಖಕ್ಕೆ ರಾಚುತ್ತದೆ. ಅರವತ್ತು ಎಪ್ಪತ್ತು ಮೀಟರ್ ಉದ್ದದ ಉಕ್ಕಿನ ಕೊಳವೆ ಅದು. ತುಸು ಓರೆಯಾಗಿ ಮಲಗಿ, ನಿಮಿಷಕ್ಕೆ ಮೂರು ನಾಲ್ಕು ಸುತ್ತಿನಂತೆ ಹಗಲೂ ರಾತ್ರಿ ತಿರುಗುತ್ತಿರುತ್ತದೆ. ಒಳಗೆ ಸುಣ್ಣಕಲ್ಲಿನ ಪುಡಿ ಸುಮಾರು 1450 ಡಿಗ್ರಿಯಲ್ಲಿ ಬೆಂದು ಕ್ಲಿಂಕರ್ ಆಗಿ ಹೊರಬೀಳುತ್ತದೆ. ಅಷ್ಟು ಶಾಖವನ್ನು ಉಕ್ಕು ತಾಳುವುದಿಲ್ಲ. ಹಾಗಾಗಿ ಒಳಮೈಗೆ ಪೂರ್ತಿ ರಿಫ್ರ್ಯಾಕ್ಟರಿ ಇಟ್ಟಿಗೆ ಕಟ್ಟಿರುತ್ತಾರೆ. ಅದರಲ್ಲಿ ನಾಲ್ಕು ಇಟ್ಟಿಗೆ ಕಳಚಿಬಿದ್ದರೂ ಸಾಕು, ಆ ಜಾಗದ ಉಕ್ಕಿನ ಹೊರಮೈ, ಅಂದರೆ ಶೆಲ್, ಕತ್ತಲಲ್ಲಿ ಕೆಂಪಗೆ ಹೊಳೆಯತೊಡಗುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಆದ್ದರಿಂದ ಶೆಲ್ ಮೈಮೇಲೆ ಅಲ್ಲಲ್ಲಿ ಬಿಸಿ ಅಳೆಯುವ ಥರ್ಮೊಕಪಲ್ ಕೂರಿಸುತ್ತಾರೆ. ಆದರೆ ತಿರುಗುವ ಕೊಳವೆಗೆ ವೈರು ಕಟ್ಟುವುದು ಹೇಗೆ? ಮೊದಲೆಲ್ಲ ಸ್ಲಿಪ್ ರಿಂಗ್ ಇತ್ತು. ಉಜ್ಜಿ ಉಜ್ಜಿ ಸವೆಯುತ್ತಿತ್ತು, ಸಿಮೆಂಟ್ ಧೂಳು ಸೇರಿದರೆ ಅಳತೆ ಕುಣಿಯುತ್ತಿತ್ತು. ಈಗ ಸಣ್ಣದೊಂದು ರೇಡಿಯೋ ಪೆಟ್ಟಿಗೆ ಕಿಲ್ನಿನ ಜೊತೆಗೇ ಸುತ್ತುತ್ತ, ತನಗೆ ತಟ್ಟಿದ ಬಿಸಿಯನ್ನು ಗಾಳಿಯಲ್ಲೇ ಕಂಟ್ರೋಲ್ ರೂಮಿಗೆ ತಲುಪಿಸುತ್ತದೆ.

ನನ್ನ ದೊಡ್ಡವ್ವನ ಮಗ, ನಮ್ಮೆಲ್ಲರ ಪಾಲಿನ ಅಣ್ಣ, ಇಂಥ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನಲ್ಲಿ ತಲೆ ನರೆಸಿಕೊಂಡವನು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರನ್ನು ಅವನು ಮೊದಲು ಒಂದು ಹಳೇ ವೈರಿನ ಮುಂದೆ ನಿಲ್ಲಿಸುತ್ತಾನೆ. ಕಾರ್ಖಾನೆಯ ಅಳತೆಯ ವೈರಿನಲ್ಲಿ ಸೊನ್ನೆಗೆ ಸೊನ್ನೆ ಕರೆಂಟ್ ಹರಿಸುವುದಿಲ್ಲ. ಸೊನ್ನೆ ಎಂದರೆ 4 ಮಿಲಿಆಂಪಿಯರ್, ಪೂರ್ತಿ ಎಂದರೆ 20. ಅಳೆಯುತ್ತಿರುವ ತೊಟ್ಟಿ ಬರಿದಾಗಿದ್ದರೂ ಆ 4 ಮಿಲಿಆಂಪಿಯರ್ ಹರಿಯುತ್ತಲೇ ಇರಬೇಕು. ಮೀಟರಿನಲ್ಲಿ ನಿಜವಾದ ಸೊನ್ನೆಯೇ ಕಂಡಿತೋ, ತೊಟ್ಟಿಯ ವಿಷಯ ಬಿಡಿ, ವೈರು ಹರಿದಿದೆ ಎಂದು ತಿಳಿಯಬೇಕು. ‘ಸುಮ್ಮ ಕುಂತದ್ದನ್ನ ನಂಬಬ್ಯಾಡ್ರಿ’ ಎಂಬುದು ಹುಡುಗರಿಗೆ ಅವನು ಕಲಿಸುವ ಮೊದಲ ಪಾಠ.

ವೈರು ಹೋಗಿ ರೇಡಿಯೋ ಬಂದಮೇಲೂ ಈ ಪಾಠ ಬದಲಾಗಲಿಲ್ಲ, ಇನ್ನಷ್ಟು ಬಿಗಿಯಾಯಿತು. 1990ರ ದಶಕದ ಕೊನೆಗೆ ಅಮೆರಿಕದ ಬರ್ಕ್ಲಿಯಲ್ಲಿ ಕ್ರಿಸ್ ಪಿಸ್ಟರ್ ‘ಸ್ಮಾರ್ಟ್ ಡಸ್ಟ್’ ಎಂದು ಕರೆದು, ಧೂಳಿನ ಕಣದಷ್ಟು ಸಣ್ಣ ಸೆನ್ಸಾರುಗಳ ಕನಸು ಕಂಡಿದ್ದರು. ಧೂಳಿನಷ್ಟು ಸಣ್ಣದಾಗುವುದಕ್ಕೆ ಮುಂಚೆಯೇ ಆ ಕನಸು ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿತು. 2003ರಲ್ಲಿ ಕಡಿಮೆ ಶಕ್ತಿಯ ರೇಡಿಯೋಗಳಿಗೆಂದು ಐಇಇಇ 802.15.4 ಮಾನಕ ಬಂತು. ಅದರ ಮೇಲೆ 2007ರಲ್ಲಿ ವೈರ್‌ಲೆಸ್‌ಹಾರ್ಟ್, 2009ರಲ್ಲಿ ಐಎಸ್‌ಎ 100.11ಎ ಬಂದವು. ವೈರ್‌ಲೆಸ್‌ಹಾರ್ಟ್ ಜಾಲದ ಶಿಸ್ತು ನೋಡುವಂಥದ್ದು. ಹೊತ್ತನ್ನು 10 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಪ್ರತಿ ಸಾಧನಕ್ಕೂ ಅದರದರ ಸರದಿ ಕೊಟ್ಟಿರುತ್ತಾರೆ. ಸರದಿ ಬಂದಾಗ ಎದ್ದು, ಹೇಳುವುದನ್ನು ಹೇಳಿ, ತಲುಪಿತೆಂಬ ಉತ್ತರ ಪಡೆದು ಮತ್ತೆ ನಿದ್ದೆಗೆ ಜಾರಬೇಕು. ಬ್ಯಾಟರಿ ವರ್ಷಗಟ್ಟಲೆ ಬರುವುದು ಈ ನಿದ್ದೆಯಿಂದಲೇ. ಒಂದು ಚಾನೆಲ್ಲಿನಲ್ಲಿ ಗದ್ದಲವಿದ್ದರೆ ಇನ್ನೊಂದಕ್ಕೆ ಹಾರಬೇಕು. ಎದುರಿಗೆ ಕ್ರೇನ್ ಅಡ್ಡ ಬಂದರೆ ಪಕ್ಕದ ಸಾಧನದ ಕೈಯಲ್ಲಿ ಸಂದೇಶ ಕೊಟ್ಟು ಸುತ್ತು ದಾರಿಯಲ್ಲಿ ಕಳಿಸಬೇಕು. ಇದೆಲ್ಲದರ ಜೊತೆ, ಅಳತೆ ಬೇರೆ, ತನ್ನ ಆರೋಗ್ಯದ ವರದಿ ಬೇರೆ: ಬ್ಯಾಟರಿ ಎಷ್ಟಿದೆ, ಯಾವ ನೆರೆಯ ಮಾತು ಸರಿಯಾಗಿ ಕೇಳುತ್ತಿದೆ, ಎಷ್ಟು ಸಂದೇಶ ಕಳೆದುಹೋದವು ಎಂಬುದನ್ನೆಲ್ಲ ಆಗಾಗ ಒಪ್ಪಿಸುತ್ತಿರಬೇಕು. 2011ರಲ್ಲಿ ಎಬಿಬಿಯ ಸಂಶೋಧಕರು ಈ ಕ್ಷೇತ್ರದ ಮುಂದಿರುವ ಸವಾಲುಗಳನ್ನು ಬರೆದಾಗ ಮುಂದಿಟ್ಟದ್ದು ಮೂರು: ಅಪಾಯವಾಗದಿರುವುದು, ಕಳ್ಳಗೈ ತಾಗದಿರುವುದು, ಬೇಕಾದಾಗ ಜಾಲ ಎದ್ದಿರುವುದು.

ಕಿಲ್ನಿನ ಮಾತು ಇಷ್ಟು ಹೇಳಿದ್ದು, ಅಣ್ಣ ಅದನ್ನು ಮನೆಗೆ ಹೊತ್ತುಕೊಂಡು ಬಂದ ಕಾರಣಕ್ಕೆ.

ಮನೆ ಕಲಬುರಗಿಯ ಹಳೇ ಓಣಿಯಲ್ಲಿದೆ. ಮೊಳ ದಪ್ಪದ ಕಲ್ಲಿನ ಗೋಡೆ, ಕಾಲಿಗೆ ತಣ್ಣಗೆ ತಾಗುವ ಶಹಾಬಾದ್ ಕಲ್ಲಿನ ನೆಲ, ಮೇಲೆ ಮಾಳಿಗೆ. ಪಡಸಾಲೆಯ ಮೂಲೆಯಲ್ಲಿ ದೊಡ್ಡವ್ವನ ಮಂಚ. ಎದುರಿನ ಗೂಡಿನಲ್ಲಿ ವಿಭೂತಿ ಗಟ್ಟಿ, ಒಂದು ಕನ್ನಡಿ, ಎಲೆ ಅಡಿಕೆಯ ಹಿತ್ತಾಳೆ ಡಬ್ಬಿ. ಎಲೆ ಹಾಕುವುದನ್ನು ಅವಳು ಬಿಟ್ಟು ಬಹಳ ದಿನವಾಯಿತು, ಡಬ್ಬಿಯನ್ನು ಮಾತ್ರ ದಿನಕ್ಕೆ ಹತ್ತು ಸಲ ತೆರೆದು ಮುಚ್ಚುತ್ತಾಳೆ. ಡಾಕ್ಟರು ಅಲ್ಜೈಮರ್ ಎಂದಿದ್ದಾರೆ. ಬೆಳಗ್ಗೆ ಹೋದವರಿಗೆ ಅಷ್ಟೇನೂ ತಿಳಿಯದು. ‘ಯಾರಪಾ ನೀ? ಊಟ ಆತೇನು?’ ಎಂದು ಕೈ ಹಿಡಿದು ಕೂರಿಸಿಕೊಳ್ಳುತ್ತಾಳೆ. ದೀಪ ಹಚ್ಚುವ ಹೊತ್ತಾಯಿತೆಂದರೆ ತಳಮಳ ಶುರು. ಮನೆಗೆ ಹೋಗಬೇಕು ಎನ್ನುತ್ತಾಳೆ. ಅವಳು ಕೇಳುವ ಮನೆ ತವರು. ಅಲ್ಲಿ ಈಗ ಯಾರೂ ಇಲ್ಲ.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆ ಎಂದು ಲಾಸಿ-ಡ್ಯಾಡ್ ಎಂಬ ಸಮೀಕ್ಷೆ ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಬಹುಪಾಲು ಮನೆಗಳಲ್ಲಿ ಇವರನ್ನು ನೋಡಿಕೊಳ್ಳುವುದು ಮನೆಯ ಹೆಂಗಸರೇ. ಇಲ್ಲಿ ಸೊಸೆ, ಅಂದರೆ ಅಣ್ಣನ ಹೆಂಡತಿ, ನಮ್ಮ ವೈನಿ. ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಕಿಕೊಂಡು, ದೊಡ್ಡವ್ವನ ಸೀರೆಯ ಸೆರಗನ್ನು ಕೈಗೆ ಸುತ್ತಿಕೊಂಡು ಮಲಗುತ್ತಿದ್ದರು. ಸೆರಗು ಎಳೆದರೆ ಎಚ್ಚರ. ಎಂಟು ಹತ್ತು ತಿಂಗಳು ಹೀಗೆ ನಡೆದ ಮೇಲೆ ವೈನಿಯ ರಕ್ತದೊತ್ತಡ ಏರಿತು. ಆಗ ಅಣ್ಣ ಪೇಟೆಯಿಂದ ಒಂದು ಕಿಟ್ ತಂದ. ಎರಡು ಚಲನೆಯ ಸೆನ್ಸಾರು, ಹಿತ್ತಲ ಬಾಗಿಲಿಗೊಂದು ಕಾಂತದ ಸ್ವಿಚ್ಚು, ಮೊಬೈಲಿಗೊಂದು ಆ್ಯಪ್. ರಾತ್ರಿ ಯಾರೂ ಓಡಾಡದಿದ್ದರೆ ಆ್ಯಪ್ ಬೆಳಗ್ಗೆ ಹಸಿರು ಗುರುತು ಹಾಕಿ ‘ಶಾಂತ ರಾತ್ರಿ’ ಎಂದು ತೋರಿಸುತ್ತಿತ್ತು.

ಕಲಬುರಗಿಯ ಮೇ ತಿಂಗಳು ಗೊತ್ತಿದ್ದವರಿಗೆ ಮುಂದಿನದು ಅರ್ಥವಾದೀತು. ಹಗಲು 42, 43 ಡಿಗ್ರಿ. ದಿನವೆಲ್ಲ ಕಾದ ಕಲ್ಲಿನ ಗೋಡೆ ರಾತ್ರಿಯಿಡೀ ಆ ಬಿಸಿಯನ್ನು ಒಳಗೇ ಬಿಡುತ್ತಿರುತ್ತದೆ. ಮನೆಯವರು ಮಾಳಿಗೆ ಮೇಲೆ ಮಲಗಿದ್ದರು. ದೊಡ್ಡವ್ವನಿಗೆ ಮೆಟ್ಟಿಲು ಆಗದೆಂದು ಕೆಳಗೇ ಕೂಲರ್ ಹಚ್ಚಿಟ್ಟಿದ್ದರು, ವೈನಿ ಅಂದು ಜ್ವರ ಬಂದು ಒಳಕೋಣೆಯಲ್ಲಿ ಮಲಗಿದ್ದರು. ನಡುರಾತ್ರಿ ಕರೆಂಟ್ ಹೋಯಿತು, ಕೂಲರ್ ನಿಂತಿತು. ಬೆಳಗಿನ ಜಾವ ಶರಣಬಸವೇಶ್ವರ ಗುಡಿಯ ಕಡೆಯಿಂದ ಪರಿಚಯದವರೊಬ್ಬರ ಫೋನು: ‘ನಿಮ್ಮವ್ವ ಇಲ್ಲೇ ಕಟ್ಟಿ ಮ್ಯಾಲ ಕುಂತಾರ, ಬರ್ರಿ.’ ಬರಿಗಾಲಿನಲ್ಲಿ ಅಷ್ಟು ದೂರ ನಡೆದಿದ್ದಳು. ಅಂಗಾಲಿನಲ್ಲಿ ಗಾಜಿನ ಚೂರು ಹೊಕ್ಕಿತ್ತು. ಆ್ಯಪ್ ತೆಗೆದು ನೋಡಿದರೆ ಹಸಿರು ಗುರುತು, ಶಾಂತ ರಾತ್ರಿ.

ಏನಾಗಿದೆಯೆಂದು ಅಣ್ಣನಿಗೆ ಸಂಜೆಯೊಳಗೆ ತಿಳಿಯಿತು. ಚಲನೆಯ ಸೆನ್ಸಾರು ನೋಡುವುದು ಮನುಷ್ಯನ ಮೈಯಿಂದ ಹೊಮ್ಮುವ ಶಾಖದ ಕಿರಣವನ್ನು, ಹಿಂದಿನ ಗೋಡೆಗಿಂತ ಮೈ ಬಿಸಿಯಾಗಿರುವುದರಿಂದ ಹುಟ್ಟುವ ವ್ಯತ್ಯಾಸವನ್ನು. ಗೋಡೆಯೇ ಮೈಯಷ್ಟು ಬಿಸಿಯಾದರೆ ಅದರ ಕಣ್ಣು ಮಂಜಾಗುತ್ತದೆ. ಹಿತ್ತಲ ಬಾಗಿಲಿನ ಸ್ವಿಚ್ಚಿನ ಬ್ಯಾಟರಿ ಎಂದೋ ತೀರಿತ್ತು. ರೂಟರ್ ಕರೆಂಟಿನ ಜೊತೆ ಆರಿಹೋಗಿತ್ತು. ಮೂರೂ ಬಾಯಿ ಮುಚ್ಚಿಕೊಂಡಿದ್ದವು, ಆ ಮೌನವನ್ನು ಆ್ಯಪ್ ನೆಮ್ಮದಿ ಎಂದು ಬರೆದುಕೊಂಡಿತ್ತು.

‘ಕಿಲ್ನಿನ್ಯಾಗ ಇಂಥಾದ್ದು ಹಚ್ಚಿದ್ರ ನನ್ನ ಅವತ್ತೇ ಮನಿಗಿ ಕಳಸತಿದ್ರು ತಮ್ಮಾ’ ಎಂದ ಅಣ್ಣ. ಅವನ ದನಿಯಲ್ಲಿ ಅಷ್ಟು ಸಿಟ್ಟನ್ನು ನಾನು ಹಿಂದೆ ಕೇಳಿರಲಿಲ್ಲ. ಸಿಟ್ಟು ನ್ಯಾಯವಾದದ್ದು. ಇಟ್ಟಿಗೆ ಕಾಯುವ ಜಾಲಕ್ಕೆ ಇರುವ ಶಿಸ್ತು ಮುದುಕಿಯೊಬ್ಬಳನ್ನು ಕಾಯುವ ಜಾಲಕ್ಕೆ ಏಕಿರಬಾರದು? ಹಿರಿಯರ ಆರೈಕೆಗೆಂದು ಮಾರಾಟವಾಗುವ ಯಾವುದೇ ಸಾಧನದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂದು ನಾನು ನಂಬುತ್ತೇನೆ: ನೀನು ಕೆಟ್ಟುಹೋದರೆ ನನಗೆ ಹೇಗೆ ಗೊತ್ತಾಗುತ್ತದೆ?

ಆಮೇಲೆ ಅವನು ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಿದ. 2.4 ಗಿಗಾಹರ್ಟ್ಸ್ ಅಲೆಗೆ ಆ ಕಲ್ಲಿನ ಗೋಡೆ ದಾಟುವುದು ಕಷ್ಟ; ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್ ಪಟ್ಟಿಯ ಮಾಡ್ಯೂಲ್ ತಂದ. ಸೆನ್ಸಾರುಗಳ ಮಾತನ್ನೆಲ್ಲ ಕೂಡಿಸಿಕೊಳ್ಳುವ ಗೇಟ್‌ವೇಗೆ ತನ್ನದೇ ಬ್ಯಾಟರಿ, ತನ್ನದೇ ಸಿಮ್. ಮಂಚದ ಹಾಸಿಗೆಯಡಿ ಒತ್ತಡ ತಿಳಿಯುವ ಪಟ್ಟಿ ಹಾಸಿದ, ಅದಕ್ಕೆ ಬಿಸಿಲಿನ ಹಂಗಿಲ್ಲ. ಪ್ರತಿ ಸೆನ್ಸಾರೂ ಏನೂ ನಡೆಯದಿದ್ದರೂ ಹದಿನೈದು ನಿಮಿಷಕ್ಕೊಮ್ಮೆ ಹಾಜರಿ ಹಾಕಲೇಬೇಕು. ಎರಡು ಹಾಜರಿ ತಪ್ಪಿದರೆ ಪರದೆಯ ಮೇಲೆ ಅದರ ಚೌಕ ಬೂದು ಬಣ್ಣಕ್ಕೆ ತಿರುಗುತ್ತದೆ. ಹಸಿರು ಎಂದರೆ ನೋಡಿದ್ದೇನೆ, ಸರಿ ಇದೆ. ಕೆಂಪು ಎಂದರೆ ನೋಡಿದ್ದೇನೆ, ಎದ್ದು ಬನ್ನಿ. ಬೂದು ಎಂದರೆ ನನಗೆ ಕಾಣುತ್ತಿಲ್ಲ, ನೀವೇ ನೋಡಿ. ವೈನಿ ಮೂರು ಬಣ್ಣವನ್ನೂ ಒಂದೇ ದಿನದಲ್ಲಿ ಕಲಿತರು. ಬೂದು ಕಂಡ ರಾತ್ರಿ ಹಳೇ ಪದ್ಧತಿಯಂತೆ ಬಾಗಿಲಿಗಡ್ಡ ಚಾಪೆ ಹಾಕುತ್ತಾರೆ.

ದೊಡ್ಡವ್ವ ಮಾತ್ರ ಗೋಡೆಯ ಬಿಳಿ ಪೆಟ್ಟಿಗೆಗಳನ್ನು ತನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಳು. ಬಚ್ಚಲ ಬಾಗಿಲಿನ ಪಕ್ಕ, ಎದೆಯೆತ್ತರದಲ್ಲಿ ಒಂದು ಸೆನ್ಸಾರು ಇತ್ತು. ಒಂದು ಬೆಳಗ್ಗೆ ಅದರ ಚೌಕ ಹಸಿರಾಗಿಯೇ ಇದೆ, ಹಾಜರಿ ಸರಿಯಾಗಿ ಬರುತ್ತಿದೆ, ಆದರೆ ಓಡಾಟದ ಎಣಿಕೆ ಅರ್ಧಕ್ಕೆ ಇಳಿದಿದೆ. ಹೋಗಿ ನೋಡಿದರೆ ಅದರ ಉಬ್ಬು ಲೆನ್ಸಿನ ಮೇಲೆ ಮೂರು ಬೆರಳ ವಿಭೂತಿ. ಸ್ನಾನ ಮಾಡಿ ಬಂದವಳು ಗೂಡಿಗೆ, ಹೊಸ್ತಿಲಿಗೆ ಹಚ್ಚುವಂತೆ ಅದಕ್ಕೂ ಹಚ್ಚಿದ್ದಳು. ಪುಡಿ ಕೂತು ಲೆನ್ಸು ಮಸುಕಾಗಿತ್ತು. ಅಣ್ಣ ಒದ್ದೆ ಬಟ್ಟೆಯಲ್ಲಿ ಲೆನ್ಸನ್ನು ಒರೆಸಿದ, ಪೆಟ್ಟಿಗೆಯ ಬದಿಗೆ ತಾಗಿದ್ದನ್ನು ಹಾಗೇ ಬಿಟ್ಟ. ಮರುದಿನ ಸೆನ್ಸಾರನ್ನು ಅವಳ ಕೈಗೆ ನಿಲುಕದ ಎತ್ತರಕ್ಕೆ ಸರಿಸಿ, ಹಳೇ ಜಾಗದಲ್ಲಿ ಒಳಗೇನೂ ಇಲ್ಲದ ಬರೀ ಪೆಟ್ಟಿಗೆ ಕೂರಿಸಿದ. ದೊಡ್ಡವ್ವ ದಿನಾ ಅದಕ್ಕೆ ವಿಭೂತಿ ಹಚ್ಚುತ್ತಾಳೆ.

ಆ ಬಚ್ಚಲ ಬಾಗಿಲಿನ ಎಣಿಕೆಯೇ ಮುಂದೆ ದೊಡ್ಡ ಕೆಲಸಕ್ಕೆ ಬಂತು. ರಾತ್ರಿ ಎರಡು ಮೂರು ಸಲ ಏಳುತ್ತಿದ್ದವಳು ಎಂಟು ಒಂಬತ್ತು ಸಲ ಏಳತೊಡಗಿದಳು. ಜ್ವರವಿಲ್ಲ, ಹೊಟ್ಟೆನೋವೆನ್ನಲಿಲ್ಲ, ಉರಿಯೆನ್ನಲಿಲ್ಲ. ಸಂಜೆಯ ತಳಮಳ ಹೆಚ್ಚಿತ್ತು, ಅಷ್ಟೇ. ಕಾಯಿಲೆ ಮುಂದುವರಿಯಿತೆಂದೇ ಎಲ್ಲರೂ ತಿಳಿದರು. ವೈನಿ ಮಾತ್ರ ಮೊಬೈಲಿನಲ್ಲಿದ್ದ ಎಣಿಕೆ ಹಿಡಿದು ಡಾಕ್ಟರ ಬಳಿ ಹೋದರು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಔಷಧಿ ಮುಗಿಯುವ ಹೊತ್ತಿಗೆ ಅವಳು ಮತ್ತೆ ಊಟ ಆಯಿತೇ ಎಂದು ಕೇಳುವ ದೊಡ್ಡವ್ವನಾಗಿದ್ದಳು.

ಮರೆವಿನ ಕಾಯಿಲೆಯವರು ನೋವನ್ನು ಹೇಳುವುದಿಲ್ಲ, ಹೇಳಲು ಬರುವುದಿಲ್ಲ. ನೋವು ನಡವಳಿಕೆಯಾಗಿ ಹೊರಬೀಳುತ್ತದೆ. ಇಂಗ್ಲೆಂಡಿನ ಸರ‍್ರೆಯಲ್ಲಿ ‘ಟಿಐಎಚ್‌ಎಂ’ ಎಂಬ ಯೋಜನೆ ಹಿಡಿದದ್ದು ಇದನ್ನೇ. ಡಿಮೆನ್ಷಿಯಾ ಇರುವವರ ಮನೆಗಳಲ್ಲಿ ಬಾಗಿಲು, ಹಾಸಿಗೆ, ಚಹಾದ ಕೆಟಲ್ಲಿನ ಪ್ಲಗ್ಗು, ರಕ್ತದೊತ್ತಡದ ಯಂತ್ರ ಎಲ್ಲದರಿಂದ ಮಾಹಿತಿ ಕೂಡಿಸಿ, ಮೂತ್ರದ ಸೋಂಕಿನ ಮತ್ತು ಉದ್ವೇಗದ ಮುನ್ಸೂಚನೆ ಹುಡುಕಿದರು. ಸೆನ್ಸಾರು ಜಾಲಗಳ ಮಾಹಿತಿಯನ್ನು ಓದುವ ವಿದ್ಯೆಯಿಂದಲೇ ಬಂದ ಪಯಾಂ ಬರ್ನಾಘಿ ಅದರ ಮುಂಚೂಣಿಯಲ್ಲಿದ್ದವರು. 2019ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸರ‍್ರೆ ವಿಶ್ವವಿದ್ಯಾಲಯದ ಜೊತೆಗೂಡಿ ಇದಕ್ಕೆಂದೇ ಕೇಂದ್ರ ಶುರುವಾಯಿತು. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಜೆಫ್ರಿ ಕೇ ಅವರ ಓರ್ಕಾಟೆಕ್ ಕೇಂದ್ರ ಇದಕ್ಕೂ ಹಿಂದಿನದು, 2004ರದ್ದು. ಅವರು ಮನೆಯ ನಡುದಾರಿಯ ಚಾವಣಿಗೆ ಸೆನ್ಸಾರುಗಳನ್ನು ಸಾಲಾಗಿ ಕೂರಿಸಿದರು. ಒಂದರಿಂದ ಇನ್ನೊಂದಕ್ಕೆ ದಾಟಲು ಹಿಡಿದ ಹೊತ್ತೇ ನಡಿಗೆಯ ವೇಗ. ವರ್ಷಗಟ್ಟಲೆ ಹಾಗೆ ಅಳೆದಾಗ, ಅರಿವು ಮಸುಕಾಗತೊಡಗಿದವರಲ್ಲಿ ವೇಗ ತಗ್ಗುವುದಷ್ಟೇ ಅಲ್ಲ, ಅದರ ಏರುಪೇರಿನ ಜಾಡೂ ಬದಲಾಗುವುದು ಕಂಡುಬಂತು. ಡಾಕ್ಟರ ಕೋಣೆಯಲ್ಲಿ ವರ್ಷಕ್ಕೊಮ್ಮೆ ಹತ್ತು ಹೆಜ್ಜೆ ನಡೆಸಿ ನೋಡಿದರೆ ಇದು ಸಿಗುತ್ತಿರಲಿಲ್ಲ.

ಅಣ್ಣ ಇದನ್ನೂ ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಮಾಡಿ ನೋಡಿದ. ಆಗಲಿಲ್ಲ. ಪೋರ್ಟ್‌ಲ್ಯಾಂಡಿನ ಆ ಮನೆಗಳಲ್ಲಿ ಹೆಚ್ಚಾಗಿ ಒಬ್ಬರೇ ಇದ್ದರು. ಇಲ್ಲಿ ಆರು ಮಂದಿ, ಮೇಲಾಗಿ ಮೊಸರು ಕೇಳಲು ಬರುವ ಪಕ್ಕದ ಮನೆಯವರು, ಓಡುವ ಮೊಮ್ಮಗಳು, ಅವಳ ಹಿಂದೆ ಬೆಕ್ಕು. ಸೆನ್ಸಾರಿಗೆ ಯಾರ ಕಾಲೂ ಒಂದೇ. ಕಾಲ್ಬೆರಳಿನ ಮಿಂಚುಂಗುರಕ್ಕೆ ಗುರುತಿನ ಚಿಪ್ ಅಂಟಿಸುವ ಯೋಚನೆ ಬಂತು, ವೈನಿ ಒಪ್ಪಲಿಲ್ಲ. ಒಬ್ಬಂಟಿ ಮನೆಗಳಲ್ಲಿ ಬೆಳೆದ ಈ ವಿದ್ಯೆಯನ್ನು ತುಂಬಿದ ಮನೆಗೆ ಒಗ್ಗಿಸುವುದು ನಮ್ಮ ಕಡೆಯ ಸಂಶೋಧಕರು ಕೈಹಾಕಬೇಕಾದ ಕೆಲಸ. ನಮ್ಮವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ಅರಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯ ಅಧ್ಯಯನ ಹಮ್ಮಿಕೊಂಡಿದೆ. ರೋಗ ಬರುವ ಮುಂಚಿನಿಂದಲೇ ಅವರನ್ನು ವರ್ಷವರ್ಷವೂ ನೋಡುತ್ತ ಹೋಗುವುದು ಅದರ ಹಂಚಿಕೆ. ಅಂಥ ತಾಳ್ಮೆಯ ಕಣ್ಣು ನಮ್ಮ ಮನೆಗಳ ಒಳಗಿನ ಬದುಕಿನ ಮೇಲೂ ಬೀಳಬೇಕು.

ಕಿಲ್ನಿಗೂ ದೊಡ್ಡವ್ವನಿಗೂ ಇರುವ ಒಂದು ಅಂತರ ಅಣ್ಣನಿಗೆ ಬಹಳ ತಡವಾಗಿ ಹೊಳೆಯಿತಂತೆ. ಕಿಲ್ನಿಗೆ ಸೆಟ್ ಪಾಯಿಂಟ್ ಇದೆ. ಇಷ್ಟು ಡಿಗ್ರಿ ಇರಬೇಕು, ಇಷ್ಟು ದಾಟಬಾರದು ಎಂದು ಬರೆದಿಟ್ಟಿದ್ದಾರೆ. ದೊಡ್ಡವ್ವ ರಾತ್ರಿ ಎಷ್ಟು ಸಲ ಏಳಬೇಕು? ಯಾವ ಪುಸ್ತಕದಲ್ಲೂ ಇಲ್ಲ. ಕಳೆದ ತಿಂಗಳ ದೊಡ್ಡವ್ವನ ಜೊತೆ ಈ ತಿಂಗಳ ದೊಡ್ಡವ್ವನನ್ನು ಇಟ್ಟು ನೋಡಬೇಕು. ಅವಳಿಗೆ ಅವಳೇ ಅಳತೆಗೋಲು. ಕಾರ್ತಿಕದಲ್ಲಿ ಅವಳು ನಾಲ್ಕಕ್ಕೇ ಏಳುತ್ತಾಳೆ. ಸಣ್ಣಂದಿನಿಂದ ನಡೆದುಬಂದ ರೂಢಿ ಅದು, ರೋಗವಲ್ಲ. ಸೆನ್ಸಾರಿಗೆ ಇದನ್ನು ಹೇಳಿಕೊಟ್ಟವರು ವೈನಿ.

ಕ್ಯಾಮೆರಾ ಬೇಡವೇ ಬೇಡವೆಂದವರೂ ಅವರೇ. ‘ಅತ್ತಿಯವರನ್ನ ಕೇಳೀರೇನು?’ ಎಂದು ಅವರು ಕೇಳಿದಾಗ ಅಣ್ಣನ ಬಳಿ ಉತ್ತರವಿರಲಿಲ್ಲ. ಕೇಳಿದರೆ ಅವಳು ಹೂಂ ಎನ್ನುತ್ತಾಳೆ, ಅರ್ಧ ಗಂಟೆಗೆ ಮರೆಯುತ್ತಾಳೆ. ಆ ಹೂಂ ಒಪ್ಪಿಗೆಯಾದೀತೇ? ರೋಗ ಇನ್ನೂ ಎಳೆಯದಾಗಿದ್ದಾಗ, ಹೇಳಿದ್ದು ನೆನಪಿನಲ್ಲಿ ನಿಲ್ಲುತ್ತಿದ್ದಾಗಲೇ, ಕೂರಿಸಿಕೊಂಡು ಕೇಳಬೇಕಿತ್ತು. ಅವಳ ವಿಷಯದಲ್ಲಿ ಆ ಹೊತ್ತು ಮೀರಿತ್ತು. ಕಡೆಗೆ ಮನೆಯವರು ಒಂದು ಕಟ್ಟು ಹಾಕಿಕೊಂಡರು: ಅವಳು ಸುಸ್ಥಿತಿಯಲ್ಲಿದ್ದಿದ್ದರೆ ಯಾವುದಕ್ಕೆ ಬೈಯುತ್ತಿದ್ದಳೋ ಅದನ್ನು ಹಚ್ಚುವುದಿಲ್ಲ. ಮಾಹಿತಿ ಮನೆಯ ಗೇಟ್‌ವೇಯಲ್ಲೇ ಇರುತ್ತದೆ, ಯಾವ ಕಂಪನಿಯ ಸರ್ವರಿಗೂ ಹೋಗುವುದಿಲ್ಲ. ಡಾಕ್ಟರಿಗೆ ತೋರಿಸಬೇಕಾದ್ದನ್ನು ವೈನಿ ಕೈಯಾರೆ ಒಯ್ಯುತ್ತಾರೆ.

ಸರ‍್ರೆಯಲ್ಲಿ ಎಚ್ಚರಿಕೆ ಬಂದರೆ ಅದನ್ನು ನೋಡಿ ಮನೆಗೆ ಫೋನು ಮಾಡಲು ಆರೋಗ್ಯ ಸಿಬ್ಬಂದಿಯ ತಂಡವಿತ್ತು. ಕಲಬುರಗಿಯಲ್ಲಿ ಮೊದಲಿಗೆ ಕೆಂಪು ಚೌಕಕ್ಕೆ ಏಳುತ್ತಿದ್ದವರು ವೈನಿ ಒಬ್ಬರೇ. ಜಾಲಕ್ಕೆ ಸುತ್ತು ದಾರಿ ಇರುವಂತೆ ಕೈಗೂ ಎರಡನೇ ಕೈ ಬೇಕೆಂದು ಅಣ್ಣನಿಗೆ ಹೇಳಿಕೊಡಬೇಕಾಗಿರಲಿಲ್ಲ, ಆದರೂ ಆ ಎರಡನೇ ಕೈ ತನ್ನದೇ ಎಂದು ಒಪ್ಪಲು ಅವನು ಹೊತ್ತು ತೆಗೆದುಕೊಂಡ. ಮೊದಲು ಪಕ್ಕದ ಮನೆಯ ನಂಬರು ಹಾಕಿದ. ಆಮೇಲೆ ತನ್ನದನ್ನೂ ಸೇರಿಸಿ, ರಾತ್ರಿ ಪಾಳಿ ಇಲ್ಲದ ವಾರಗಳಲ್ಲಿ ಎರಡರ ನಂತರ ಏಳುವ ಸರದಿ ತನ್ನದೆಂದು ಬರೆದ. ಈಗ ವೈನಿ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಮಾಡುತ್ತಾರೆ. ಒತ್ತಡದ ಮಾತ್ರೆ ಅರ್ಧಕ್ಕೆ ಇಳಿದಿದೆ.

ಮುಂದಿನ ತಿಂಗಳು ಬೀದರಿನಲ್ಲಿ ವೈನಿಯ ತಂಗಿಯ ಮಗಳ ಮದುವೆ. ದೊಡ್ಡವ್ವನಿಗೆ ಕಾಯಿಲೆ ಬಂದಮೇಲೆ ಅವರು ಊರು ಬಿಟ್ಟವರಲ್ಲ. ‘ಹೋಗಿ ಬಾ, ಎಲ್ಲಾ ಸೆನ್ಸಾರು ಸರಿ ಅವ’ ಎಂದ ಅಣ್ಣ. ವೈನಿ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಲಿಲ್ಲ.

‘ಮಷೀನು ನೋಡ್ಕೋತದ ಅಂದ್ರ ನಾ ಹೋಗಂಗಿಲ್ಲ. ನೀವು ರಜಾ ಹಾಕ್ರಿ, ಮನ್ಯಾಗ ಇರ್ರಿ. ಹಂಗಾದ್ರ ಹೋಗ್ತೀನಿ.’

ಅಣ್ಣ ಎರಡು ದಿನದ ರಜೆ ಚೀಟಿ ಬರೆದುಕೊಟ್ಟಿದ್ದಾನೆ. ಸೆಕ್ಷನ್ನಿನವರು ಮೂರನೇ ದಿನವೂ ತೆಗೆದುಕೋ ಎಂದಿದ್ದಾರೆ.